ನೆಗಡಿ: ದಿನ ಎಣಿಸಿ, ಉಸಿರು ಎಣಿಸಿ

ಮುಂಗಾರು ಹಿಡಿದು ನಾಲ್ಕು ದಿನ ಆಗಿರುವುದಿಲ್ಲ, ಶಾಲೆಗೆ ಹೋದ ಮಗು ಮೂಗು ಸುರಿಸಿಕೊಂಡು ಬರುತ್ತದೆ. ಎರಡು ದಿನ ಬಿಟ್ಟು ಅಮ್ಮನಿಗೆ, ಆಮೇಲೆ ಅಪ್ಪನಿಗೆ, ಕೊನೆಗೆ ಅಜ್ಜಿಗೆ. ಈ ಸರದಿಯ ನಡುವೆ ಯಾರೋ ಒಬ್ಬರು ಮೆಡಿಕಲ್ ಶಾಪಿಗೆ ಹೋಗಿ, ‘ನೆಗಡಿ, ಕೆಮ್ಮು, ಮೈಕೈ ನೋವು, ಎರಡು ದಿನಕ್ಕೆ ಮಾತ್ರೆ ಕೊಡಿ’ ಎನ್ನುತ್ತಾರೆ. ಪುಟ್ಟ ಪೊಟ್ಟಣದಲ್ಲಿ ನಾಲ್ಕು ಬಣ್ಣದ ಮಾತ್ರೆಗಳು ಬರುತ್ತವೆ. ಒಳಗೇನಿದೆ ಎಂದು ಕೊಟ್ಟವರು ಹೇಳುವುದಿಲ್ಲ, ತಿನ್ನುವವರು ಕೇಳುವುದಿಲ್ಲ. ಬಹುಪಾಲು ನೆಗಡಿಗೆ ಆ ಪೊಟ್ಟಣ ಬೇಕಿಲ್ಲ. ಬೇಕಿರುವುದು ಸ್ವಲ್ಪ ಆರೈಕೆ, ಒಂದು ಕ್ಯಾಲೆಂಡರ್ ಮತ್ತು ಸೆಕೆಂಡ್ ತೋರಿಸುವ ಒಂದು ಗಡಿಯಾರ.

ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ದೊಡ್ಡ ಪಾಲು ರೈನೋವೈರಸ್‌ಗಳದ್ದು. ಅವುಗಳಲ್ಲೇ ನೂರೈವತ್ತಕ್ಕೂ ಹೆಚ್ಚು ಬಗೆಗಳಿವೆ. ಒಂದರ ವಿರುದ್ಧ ದೇಹ ಕಲಿತ ಪಾಠ ಇನ್ನೊಂದಕ್ಕೆ ಉಪಯೋಗಕ್ಕೆ ಬಾರದು. ಅದಕ್ಕೇ ಲಸಿಕೆ ಇಲ್ಲ, ಅದಕ್ಕೇ ಮತ್ತೆ ಮತ್ತೆ ಬರುತ್ತದೆ. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ, ಪುಟ್ಟ ಮಕ್ಕಳಿಗೆ ಆರರಿಂದ ಎಂಟು ಸಲ ನೆಗಡಿಯಾಗುವುದು ಸಾಮಾನ್ಯ. ಅಂಗನವಾಡಿಗೋ ಎಲ್‌ಕೆಜಿಗೋ ಸೇರಿದ ಮೊದಲ ವರ್ಷ ಮಗುವಿನ ಮೂಗು ಒಣಗುವುದೇ ಇಲ್ಲ ಎಂದು ದೂರುವ ತಾಯಂದಿರು ‘ರೋಗನಿರೋಧಕ ಶಕ್ತಿ’ಯ ಟಾನಿಕ್ ಹುಡುಕುವ ಮೊದಲು ಈ ಲೆಕ್ಕ ನೆನಪಿಟ್ಟುಕೊಳ್ಳಲಿ.

ಮಳೆಯಲ್ಲಿ ನೆಂದದ್ದಕ್ಕೆ ಬಂತು ಎಂಬ ಮಾತಿದೆಯಲ್ಲ, ಅದನ್ನು ಪರೀಕ್ಷಿಸಿದವರೂ ಇದ್ದಾರೆ. ಬ್ರಿಟನ್ನಿನ ಸಾಲ್ಸ್‌ಬರಿಯಲ್ಲಿ 1946ರಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನೆಗಡಿಯ ಅಧ್ಯಯನಕ್ಕೆಂದೇ ಒಂದು ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಸ್ವಯಂಸೇವಕರನ್ನು ಒದ್ದೆ ಮೈಯಲ್ಲಿ, ಗಾಳಿ ಹೊಡೆಯುವ ಪಡಸಾಲೆಯಲ್ಲಿ ನಿಲ್ಲಿಸಿ ನೋಡಿದರು. ಪಾಪ, ನಡುಗಿದರು, ನೆಗಡಿ ಮಾತ್ರ ಬರಲಿಲ್ಲ. ವೈರಸ್ ಸೋಕದೆ ನೆಗಡಿಯಿಲ್ಲ. ಮಳೆಗಾಲದಲ್ಲಿ ಅದು ಹೆಚ್ಚಲು ನಾವು ಕಿಟಕಿ ಮುಚ್ಚಿಕೊಂಡು ಒಂದೇ ಕೋಣೆಯಲ್ಲಿ ಗುಂಪಾಗಿ ಕೂರುವುದೂ ಒಂದು ಕಾರಣ. ಮೊಸರು, ಬಾಳೆಹಣ್ಣುಗಳ ಮೇಲಿನ ಆರೋಪಕ್ಕೂ ಪುರಾವೆ ಸಿಕ್ಕಿಲ್ಲ.

ಹೆಜ್ಜೆ 1: ಇದು ನೆಗಡಿಯೇ ಹೌದೇ?

ನೆಗಡಿ ಮೆಲ್ಲಗೆ ಬರುತ್ತದೆ. ಗಂಟಲು ಕೆರೆತ, ಸೀನು, ನೀರು ಮೂಗು, ಆಮೇಲೆ ಕಟ್ಟಿದ ಮೂಗು, ಕೆಮ್ಮು. ದೊಡ್ಡವರಿಗೆ ಜ್ವರ ಬಂದರೂ ಅಲ್ಪ. ಫ್ಲೂ ಹಾಗಲ್ಲ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಚಳಿಜ್ವರ, ತಲೆನೋವು, ಮೈಕೈ ನೋವು ಎಂದು ಹಾಸಿಗೆ ಹಿಡಿಯುತ್ತಾರೆ. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಮತ್ತು ಮಳೆಗಾಲದಲ್ಲಿ. ಗರ್ಭಿಣಿಯರು, 65 ದಾಟಿದವರು, ಆಸ್ತಮಾ, ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಇರುವವರಿಗೆ ಇಂಥ ಜ್ವರ ಬಂದರೆ ಕಾದು ನೋಡುವುದು ಬೇಡ. ಫ್ಲೂಗೆ ವೈರಸ್ ವಿರುದ್ಧದ ಮಾತ್ರೆ ಇದೆ. ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಪ್ರಯೋಜನ.

ಇನ್ನೊಂದು ಸುಳಿವು ನೆಗಡಿ ‘ಇಲ್ಲದಿರುವುದು’. ಮೂಗು ಸೋರುತ್ತಿಲ್ಲ, ಕೆಮ್ಮಿಲ್ಲ, ಆದರೆ ಜೋರು ಜ್ವರ ಮತ್ತು ಗಂಟಲು ನೋವು ಇದೆ. ಟಾನ್ಸಿಲ್ ಮೇಲೆ ಬಿಳಿ ಕಲೆ ಕಾಣುತ್ತಿದೆ, ದವಡೆಯ ಕೆಳಗಿನ ಗಂಟು ಮುಟ್ಟಿದರೆ ನೋಯುತ್ತದೆ. ಶಾಲೆಗೆ ಹೋಗುವ ವಯಸ್ಸಿನ ಮಗುವಿನಲ್ಲಿ ಇದು ಬ್ಯಾಕ್ಟೀರಿಯಾ ಸೋಂಕು ಇರಬಹುದು. ಇದನ್ನು ನಿರ್ಲಕ್ಷಿಸಿದರೆ ಮುಂದೆ ಸಂಧಿವಾತ ಜ್ವರ ಬಂದು ಹೃದಯದ ಕವಾಟಕ್ಕೆ ಪೆಟ್ಟಾಗುವ ಅಪಾಯವಿದೆ. ಇಲ್ಲಿ ಆಂಟಿಬಯೋಟಿಕ್ ಬೇಕೇ ಬೇಕು, ಅದೂ ಡಾಕ್ಟರು ಹೇಳಿದಷ್ಟು ದಿನ ಪೂರ್ತಿ. ಹಾಗೆಯೇ ಮಳೆಗಾಲದಲ್ಲಿ ನೆಗಡಿಯ ಲಕ್ಷಣವೇ ಇಲ್ಲದೆ ಸುಡುವ ಜ್ವರ, ಕಣ್ಣಿನ ಹಿಂದೆ ನೋವು ಬಂದರೆ ಡೆಂಗಿಯ ರಕ್ತಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಇಂಜೆಕ್ಷನ್ ಬೇಡ. ಮಲೆನಾಡಿನ ಕಾಡಂಚಿನವರು ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯನ್ನೂ ನೆನಪಿಡಬೇಕು.

ಹೆಜ್ಜೆ 2: ಕ್ಯಾಲೆಂಡರಿನಲ್ಲಿ ಗುರುತು ಹಾಕಿ

‘ಔಷಧ ತಗೊಂಡರೆ ಏಳು ದಿನ, ತಗೊಳ್ಳದಿದ್ದರೆ ಒಂದು ವಾರ’ ಎಂಬ ಹಳೆಯ ತಮಾಷೆ ವೈದ್ಯಕೀಯವಾಗಿಯೂ ಹೆಚ್ಚು ಕಡಿಮೆ ಸರಿ. ವೈರಸ್ ಸೇರಿದ ಒಂದರಿಂದ ಮೂರು ದಿನಕ್ಕೆ ಲಕ್ಷಣ ಶುರುವಾಗುತ್ತದೆ. ಅಲ್ಲಿಂದ ಎರಡನೇ, ಮೂರನೇ ದಿನ ಕಾಟ ಜಾಸ್ತಿ. ಏಳರಿಂದ ಹತ್ತು ದಿನಕ್ಕೆ ಇಳಿಯುತ್ತದೆ. ಕೆಮ್ಮು ಮಾತ್ರ ಹಠಮಾರಿ, ಮತ್ತೊಂದು ವಾರ ಎಳೆದಾಡಬಹುದು.

ಹೀಗಾಗಿ ಶುರುವಾದ ದಿನವನ್ನು ಬರೆದಿಡಿ. ಮೂರನೇ ದಿನ ಬೆಳಿಗ್ಗೆ ‘ನಿನ್ನೆಗಿಂತ ಜೋರಾಯ್ತು’ ಎಂದು ಓಡಬೇಕಿಲ್ಲ. ಆದರೆ ಐದಾರು ದಿನಕ್ಕೆ ಇಳಿದಂತೆ ಕಂಡು ಮತ್ತೆ ಜ್ವರ ಏರಿದರೆ, ಅಥವಾ ಹತ್ತು ದಿನ ಕಳೆದರೂ ಕೆನ್ನೆ, ಹಣೆ ನೋವು ಸ್ವಲ್ಪವೂ ಇಳಿಯದಿದ್ದರೆ ಡಾಕ್ಟರನ್ನು ನೋಡಬೇಕು.

ಸಿಂಬಳದ ಬಣ್ಣ ನೋಡಿ ತೀರ್ಮಾನಿಸುವ ಅಭ್ಯಾಸ ಮನೆಮನೆಯಲ್ಲಿದೆ. ಹಳದಿ, ಹಸಿರಾದರೆ ‘ಇನ್‌ಫೆಕ್ಷನ್ ಆಗಿದೆ’ ಎನ್ನುತ್ತಾರೆ. ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಹಸಿರು ಬಣ್ಣದ ಒಂದು ಕಿಣ್ವವಿದೆ. ಆ ಕಣಗಳು ಹೆಚ್ಚಾದಷ್ಟೂ ಸಿಂಬಳ ಹಸಿರಾಗುತ್ತದೆ. ವೈರಸ್ ನೆಗಡಿಯಲ್ಲೂ ಮೂರು ನಾಲ್ಕನೇ ದಿನಕ್ಕೆ ಹೀಗಾಗುವುದು ಸಹಜ.

ಹೆಜ್ಜೆ 3: ಅಡುಗೆಮನೆಯಲ್ಲಿ ಏನಿದೆ?

ಮೆಣಸಿನ ಸಾರು, ಹುರುಳಿ ಸಾರು, ಶುಂಠಿ ಕಷಾಯ, ಬಿಸಿ ಗಂಜಿ. ಇವು ವೈರಸ್ಸನ್ನು ಕೊಲ್ಲುವುದಿಲ್ಲ, ಆದರೂ ಕುಡಿಯಿರಿ. ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ನೆಗಡಿಯಾದವರಿಗೆ ಬಿಸಿಯಾದ ಹಣ್ಣಿನ ಪಾನೀಯ ಕೊಟ್ಟು ನೋಡಿದರು. ಮೂಗಿನೊಳಗೆ ಗಾಳಿಯಾಡುವ ಅಳತೆ ಬದಲಾಗಲಿಲ್ಲ, ಆದರೆ ಸೀನು, ಕೆಮ್ಮು, ಗಂಟಲು ನೋವು ತಕ್ಷಣ ಹಗುರಾಯಿತು ಎಂದು ಕುಡಿದವರು ಹೇಳಿದರು. ಹಗುರಾಗುವುದೇ ತಾನೇ ಬೇಕಿರುವುದು! ಕಷಾಯವನ್ನು ಗಂಟೆಗಟ್ಟಲೆ ಕುದಿಸಿ, ಕಣ್ಣಲ್ಲಿ ನೀರು ಬರುವಷ್ಟು ಖಾರ ಮಾಡಿ ಮಕ್ಕಳ ಗಂಟಲಿಗೆ ಸುರಿಯುವುದು ಮಾತ್ರ ಬೇಡ.

ರಾತ್ರಿ ಕೆಮ್ಮಿಗೆ ಮಲಗುವ ಮುನ್ನ ಒಂದು ಚಮಚ ಜೇನುತುಪ್ಪ ಒಳ್ಳೆಯದು. ಇದು ಒಂದು ವರ್ಷ ದಾಟಿದವರಿಗೆ ಮಾತ್ರ. ಅದಕ್ಕಿಂತ ಚಿಕ್ಕ ಕೂಸಿನ ನಾಲಿಗೆಗೆ ಜೇನು ಸವರಿದರೆ ಬೊಟುಲಿಸಂ ಎಂಬ, ಅಪರೂಪವಾದರೂ ಜೀವಕ್ಕೇ ಕುತ್ತು ತರಬಲ್ಲ ಕಾಯಿಲೆಯ ಭಯವಿದೆ.

ಕಟ್ಟಿದ ಮೂಗಿಗೆ ಉಪ್ಪುನೀರಿಗಿಂತ ಅಗ್ಗದ, ಒಳ್ಳೆಯ ಮದ್ದಿಲ್ಲ. ಕಾಲು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ, ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಕದಡಿದರೆ ಸಾಕು. ಕುದಿಸದ ನಲ್ಲಿ ನೀರನ್ನು ಮೂಗಿಗೆ ಹಾಕಬಾರದು. ಹಸುಗೂಸಿಗಾದರೆ ಅಂಗಡಿಯ ಸಲೈನ್ ಡ್ರಾಪ್ಸೇ ಸರಿ. ಹಾಲೂಡಿಸುವ ಮುಂಚೆ ಎರಡೆರಡು ಹನಿ ಬಿಟ್ಟರೆ ಮೂಗು ತೆರೆದು ಮಗು ಸಲೀಸಾಗಿ ಕುಡಿಯುತ್ತದೆ. ಎದೆಹಾಲು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ತಾಯಿಗೆ ನೆಗಡಿಯಾಗಿದ್ದರೆ ಮಾಸ್ಕ್ ಹಾಕಿಕೊಂಡು ಕುಡಿಸಲಿ. ಎಣ್ಣೆಸ್ನಾನ ಮಾಡಿಸುವಾಗ ಕೂಸಿನ ಮೂಗಿಗೆ ಎಣ್ಣೆ ಬಿಡುವ, ಊದುವ ರೂಢಿ ಇನ್ನೂ ಹಲವೆಡೆ ಇದೆ. ಅಜ್ಜಿಯರ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಇದನ್ನು ಬಿಡಿಸಲೇಬೇಕು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಹಬೆ ತೆಗೆದುಕೊಳ್ಳುವುದರಿಂದ ನೆಗಡಿ ಬೇಗ ವಾಸಿಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ದೊಡ್ಡವರಿಗೆ ಹಿತವೆನಿಸಿದರೆ ತೆಗೆದುಕೊಳ್ಳಲಿ. ಮಕ್ಕಳನ್ನು ಕುದಿವ ಪಾತ್ರೆಯ ಮುಂದೆ ಕಂಬಳಿ ಹೊದಿಸಿ ಕೂರಿಸಬೇಡಿ, ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡ ಮಕ್ಕಳು ಆಸ್ಪತ್ರೆಗೆ ಬರುತ್ತಲೇ ಇರುತ್ತಾರೆ. ಕರ್ಪೂರವಿರುವ ಮುಲಾಮು ಎರಡು ವರ್ಷದೊಳಗಿನವರಿಗೆ ಬೇಡ, ಯಾರ ಮೂಗಿನೊಳಗೂ ಬೇಡ.

ಹೆಜ್ಜೆ 4: ಮಾತ್ರೆ ಡಬ್ಬಿ ತೆರೆಯುವ ಮುನ್ನ

ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೋಲೋ 650 ಈಗ ಎಲ್ಲರ ಬಾಯಲ್ಲಿರುವ ಹೆಸರು. ಆ ಪ್ರಮಾಣದ ಮಾತ್ರೆ ದಿನಕ್ಕೆ ನಾಲ್ಕು ದಾಟಬಾರದು, ಎರಡರ ನಡುವೆ ಆರು ಗಂಟೆ ಇರಲಿ. ಶೀತದ ಸಂಯುಕ್ತ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಎರಡನ್ನೂ ನುಂಗಿದರೆ ಲೆಕ್ಕ ತಪ್ಪಿ ಲಿವರ್‌ಗೆ ಪೆಟ್ಟು. ಅಂಥ ಮಾತ್ರೆಯಲ್ಲಿರುವ ಫಿನೈಲೆಫ್ರಿನ್ ಬಿಪಿ ಏರಿಸಬಹುದು. ಕ್ಲೋರ್‌ಫೆನಿರಮಿನ್ ತೂಕಡಿಕೆ ತರುತ್ತದೆ, ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರಿಗೆ ಮೂತ್ರ ಕಟ್ಟಿಸುತ್ತದೆ. ಪೊಟ್ಟಣದ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಸೇರಿದ್ದರಂತೂ ಸಕ್ಕರೆ ಕಾಯಿಲೆಯವರ ಶುಗರ್ ಏರಿಬಿಡುತ್ತದೆ.

ಮಕ್ಕಳ ಪ್ಯಾರಾಸಿಟಮಾಲ್ ವಿಷಯದಲ್ಲಿ ಬಾಟಲಿಯ ಹೆಸರಿಗಿಂತ ಅದರ ಮೇಲಿನ ಅಂಕಿ ಮುಖ್ಯ. ಒಂದು ಸಲಕ್ಕೆ ಮಗುವಿನ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಎಂಬುದು ಲೆಕ್ಕ. ಹತ್ತು ಕಿಲೋ ತೂಗುವ ಮಗುವಿಗೆ ಹೆಚ್ಚೆಂದರೆ 150 ಮಿಲಿಗ್ರಾಂ. 5 ಮಿ.ಲೀ.ಯಲ್ಲಿ 120 ಇರುವ ಸಿರಪ್ಪಾದರೆ ಅದು ಸುಮಾರು 6 ಮಿ.ಲೀ., 250 ಇರುವುದಾದರೆ 3 ಮಿ.ಲೀ., ಹಸುಗೂಸುಗಳ ಡ್ರಾಪ್ಸ್‌ನಲ್ಲಿ ಪ್ರತಿ ಮಿ.ಲೀ.ಗೆ 100 ಇರುವುದರಿಂದ ಬರೀ ಒಂದೂವರೆ ಮಿ.ಲೀ. ಡ್ರಾಪ್ಸ್ ಬಾಟಲಿಯಿಂದ ಸಿರಪ್ಪಿನ ಮುಚ್ಚಳದ ಅಳತೆಯಲ್ಲಿ 5 ಮಿ.ಲೀ. ಕೊಟ್ಟರೆ 500 ಮಿಲಿಗ್ರಾಂ ಆಗಿಹೋಗುತ್ತದೆ! ಡೋಸ್ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಬಿಡಿ, ದಿನಕ್ಕೆ ನಾಲ್ಕು ಸಲ ಮೀರಬೇಡಿ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು.

ಕೆಮ್ಮಿನ ಸಿರಪ್ ಬಗ್ಗೆ ಇನ್ನಷ್ಟು ಬಿಗಿಯಾಗಿರಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದ ಸಿರಪ್ ಕುಡಿದು ಮೂತ್ರಪಿಂಡ ಕೆಟ್ಟು ಮಕ್ಕಳು ಸತ್ತರು. ಎರಡು ವರ್ಷದೊಳಗಿನವರಿಗೆ ಕೆಮ್ಮು, ಶೀತದ ಔಷಧ ಬರೆದುಕೊಡಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಆ ಅಕ್ಟೋಬರ್‌ನಲ್ಲಿ ಸೂಚನೆ ಹೊರಡಿಸಿತು. ವಿಷ ಇಲ್ಲದ ಸಿರಪ್ಪಿನಿಂದಲೂ ಪುಟ್ಟ ಮಕ್ಕಳ ಕೆಮ್ಮಿಗೆ ಸಿಗುವ ಲಾಭ ಅಷ್ಟಕ್ಕಷ್ಟೇ. ಹೋದ ವರ್ಷದ ಅರ್ಧ ಬಾಟಲಿ ಕಪಾಟಿನಲ್ಲಿದ್ದರೆ ಇಂದೇ ಎಸೆಯಿರಿ.

ಮೂಗು ಬಿಡಿಸುವ ಸ್ಪ್ರೇ ದೊಡ್ಡವರಿಗೆ ಮೂರರಿಂದ ಐದು ದಿನ ಮಾತ್ರ. ಮುಂದುವರಿಸಿದರೆ ಔಷಧದಿಂದಲೇ ಮೂಗು ಕಟ್ಟತೊಡಗುತ್ತದೆ.

ಇನ್ನು ಆಂಟಿಬಯೋಟಿಕ್. ಅದು ಬ್ಯಾಕ್ಟೀರಿಯಾಗಳ ಮದ್ದು, ವೈರಸ್‌ಗೆ ಅದರಿಂದ ಏನೂ ಆಗುವುದಿಲ್ಲ. ನೆಗಡಿಗೆ ಅದನ್ನು ನುಂಗುವುದು ಶೀತವಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಭೇದಿ ಶುರುವಾಗಬಹುದು, ಮೈಮೇಲೆ ದದ್ದು ಏಳಬಹುದು. ದೇಹದೊಳಗಿನ ಬ್ಯಾಕ್ಟೀರಿಯಾಗಳು ಆ ಮದ್ದಿಗೆ ಬಗ್ಗದಂತಾಗಿ, ನಾಳೆ ನಿಜವಾದ ನ್ಯುಮೋನಿಯಾ ಬಂದಾಗ ಅದು ಕೆಲಸ ಮಾಡದೆ ಹೋಗಬಹುದು. ಮಾತ್ರೆಯ ಪಟ್ಟಿಯ ಮೇಲೆ ಉದ್ದುದ್ದ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು ಎಂದರ್ಥ. 2016ರಲ್ಲಿ ಸರಕಾರ ಇದರ ಬಗ್ಗೆ ಪ್ರಚಾರವನ್ನೂ ಶುರುಮಾಡಿತು. ಕೊಡುವವರಷ್ಟೇ ಕೇಳುವವರೂ ಇಲ್ಲಿ ಹೊಣೆ. ‘ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ, ನಾಳೆ ಮದುವೆ ಇದೆ’ ಎನ್ನುವವರಿಗೆ ಇಲ್ಲ ಎಂದು ಹೇಳುವ ವೈದ್ಯರು ಸಿಕ್ಕರೆ ಅವರನ್ನು ಬಿಡಬೇಡಿ.

ಹೆಜ್ಜೆ 5: ಉಸಿರು ಎಣಿಸಿ

ಇಷ್ಟರಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನಿಡಿ. ಮಗು ಮಲಗಿರುವಾಗ ಅಥವಾ ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ಬರೀ ನೆಗಡಿಯಲ್ಲ, ನ್ಯುಮೋನಿಯಾ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ನಿಗದಿಪಡಿಸಿರುವ ಅಂಕಿಗಳಿವು. ಎಣಿಸಲು ಗೊಂದಲವಾದರೆ ಆಶಾ ಕಾರ್ಯಕರ್ತೆಯನ್ನು ಕರೆಯಿರಿ.

ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುವುದು, ತುಟಿ ನೀಲಿಯಾಗುವುದು, ಹಾಲು ನೀರು ಏನೂ ಕುಡಿಯದಿರುವುದು, ಕರೆದರೂ ಕಣ್ಣು ಬಿಡದಷ್ಟು ಮಂಪರು, ಫಿಟ್ಸ್ — ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಮನೆಮದ್ದು ಬೇಡ, ಆಸ್ಪತ್ರೆಗೆ ನಡೆಯಿರಿ. ಕಿವಿ ನೋವು, ಕಿವಿ ಸೋರುವುದು ಇದ್ದರೆ ಮರುದಿನವಾದರೂ ತೋರಿಸಿ. ದೊಡ್ಡವರಲ್ಲಿ ಏದುಸಿರು, ಎದೆನೋವು, ಕಫದಲ್ಲಿ ರಕ್ತ, ಗೊಂದಲದ ಮಾತು ಅಪಾಯದ ಗುರುತುಗಳು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮೂಲೆಯಲ್ಲಿದ್ದರೆ ಬ್ಯಾಟರಿ ಹಾಕಿ ನೋಡಿ. 94ಕ್ಕಿಂತ ಕೆಳಗೆ ತೋರಿಸುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ.

ಮನೆಯ ಉಳಿದವರಿಗೆ ಹರಡದಂತೆ ಮಾಡಬೇಕಾದದ್ದು ಕೋವಿಡ್ ನಮಗೆಲ್ಲ ಕಲಿಸಿದ್ದೇ: ಸೋಪಿನಲ್ಲಿ ಇಪ್ಪತ್ತು ಸೆಕೆಂಡ್ ಕೈತೊಳೆಯುವುದು, ಮೊಣಕೈ ಮಡಚಿ ಸೀನುವುದು, ಕಿಟಕಿ ತೆರೆದಿಡುವುದು. ಜ್ವರವಿರುವ ಮಗುವನ್ನು ಹಾಜರಾತಿಗೋಸ್ಕರ ಶಾಲೆಗೆ ದಬ್ಬಬೇಡಿ, ಶಿಕ್ಷಕರೂ ಒತ್ತಾಯಿಸದಿರಲಿ.

ನೆಗಡಿ ಹೋಗಿ ಕೆಮ್ಮು ಮಾತ್ರ ಉಳಿದು ಎರಡು ವಾರ ದಾಟಿತೇ? ಮತ್ತೊಂದು ಸಿರಪ್ ಕೊಳ್ಳುವ ಬದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಫ ಪರೀಕ್ಷೆಗೆ ಕೊಡಿ. ಕ್ಷಯರೋಗದ ಪರೀಕ್ಷೆಯೂ ಚಿಕಿತ್ಸೆಯೂ ಸರಕಾರಿ ಆಸ್ಪತ್ರೆಗಳಲ್ಲಿ ಪೂರ್ತಿ ಉಚಿತ.