ನಗೆ ಜಾಹೀರಾತೂ ಇತಿಹಾಸದ ಆಧಾರವೇ? – ಸೈನಿಕ ಪತ್ರಿಕೆಯೊಂದರ ಮೂಲಕ ಒಂದು ಪಾಠ

ಮೊದಲ ಮಹಾಯುದ್ಧದ ಪಾಠವನ್ನು ನಾವು ಸಾಮಾನ್ಯವಾಗಿ ಕಾರಣ, ಘಟನೆ, ಪರಿಣಾಮಗಳಿಗೆ ನಿಲ್ಲಿಸುತ್ತೇವೆ. ಕಂದಕದಲ್ಲಿದ್ದ ಸೈನಿಕ ಏನು ಓದುತ್ತಿದ್ದ, ಯಾವುದಕ್ಕೆ ನಗುತ್ತಿದ್ದ ಎಂಬುದು ತರಗತಿಗೆ ಬರುವುದಿಲ್ಲ. ಹಳೆಯ ಸೈನಿಕ ಪತ್ರಿಕೆಗಳನ್ನು ಸಂಗ್ರಹಿಸುವ ಹವ್ಯಾಸ ನನಗಿದೆ. ಹೀಗಾಗಿ ಬೋಧನಾಭ್ಯಾಸದಲ್ಲಿ ಹತ್ತನೇ ತರಗತಿಗೆ ‘ವೈಪರ್ಸ್ ಟೈಮ್ಸ್’ ಅನ್ನು ಆರಿಸಿಕೊಂಡೆ.

ಹಿನ್ನೆಲೆ: ಬೆಲ್ಜಿಯಂನ ಈಪ್ರ್ ಪಟ್ಟಣವನ್ನು ಬ್ರಿಟಿಷ್ ಸೈನಿಕರು ‘ವೈಪರ್ಸ್’ ಎನ್ನುತ್ತಿದ್ದರು. ಪಾಳುಬಿದ್ದ ಆ ಊರಿನಲ್ಲಿ ಶೆರ್ವುಡ್ ಫಾರೆಸ್ಟರ್ಸ್‌ನ 12ನೇ ಬೆಟಾಲಿಯನ್‌ಗೆ ಒಂದು ಮುದ್ರಣ ಯಂತ್ರ ಸಿಕ್ಕಿತು. ಮುದ್ರಣದ ಕಸುಬು ಬಲ್ಲ ಸಾರ್ಜೆಂಟ್ ಒಬ್ಬರು ದಳದಲ್ಲೇ ಇದ್ದರು. ಕ್ಯಾಪ್ಟನ್ ಫ್ರೆಡ್ ರಾಬರ್ಟ್ಸ್ ಸಂಪಾದಕರಾದರು, ಲೆಫ್ಟಿನೆಂಟ್ ಜ್ಯಾಕ್ ಪಿಯರ್ಸನ್ ಅವರಿಗೆ ನೆರವಾದರು. ಮೊದಲ ಸಂಚಿಕೆ 1916ರ ಫೆಬ್ರವರಿ 12ರದು. ಅಚ್ಚುಮೊಳೆ ಸಾಲದೆ ಒಂದೊಂದೇ ಪುಟ ಜೋಡಿಸಿ ಮುದ್ರಿಸಬೇಕಾಗಿತ್ತು. ಮುಂದೆ ಹೆಸರು ‘ಸೋಮ್ ಟೈಮ್ಸ್’, ‘ಬಿ.ಇ.ಎಫ್. ಟೈಮ್ಸ್’ ಎಂದು ಬದಲಾಗುತ್ತ, 1918ರ ಕದನವಿರಾಮದ ನಂತರ ‘ಬೆಟರ್ ಟೈಮ್ಸ್’ ಆಯಿತು. ಸಂಗ್ರಾಹಕನಿಗೆ ಈ ಹೆಸರುಗಳೆಲ್ಲ ಗೊತ್ತಿರಬೇಕು. ಸಂಚಿಕೆಗಳ ಪಡಿಯಚ್ಚು 1918ರಲ್ಲೂ 1930ರಲ್ಲೂ ಪುಸ್ತಕವಾಗಿ ಬಂದಿದೆ. ನನ್ನಲ್ಲಿರುವುದು ಪಡಿಯಚ್ಚು, ಮೂಲ ಪ್ರತಿಯಲ್ಲ. ಇದನ್ನು ಮಕ್ಕಳಿಗೆ ಮೊದಲೇ ತಿಳಿಸಿದೆ.

ಹಂತ 1: ಜಾಹೀರಾತಿನ ಒಂದು ಪುಟವನ್ನು ಕನ್ನಡಕ್ಕೆ ತಂದು ಗುಂಪುಗಳಿಗೆ ಕೊಟ್ಟೆ. ಈಪ್ರ್‌ನ ‘ಕ್ಲಾತ್ ಹಾಲ್’ನಲ್ಲಿ ಮನರಂಜನೆ ಇದೆಯೆಂದೂ ಊರಿನಲ್ಲೇ ಅತಿ ಚೆನ್ನಾಗಿ ಗಾಳಿಯಾಡುವ ಸಭಾಂಗಣ ಅದೆಂದೂ ಅದರಲ್ಲಿತ್ತು. ‘ಯುದ್ಧದ ನಡುವೆಯೂ ಊರಿನಲ್ಲಿ ನಾಟಕ ನಡೆಯುತ್ತಿತ್ತು’ ಎಂದು ಒಂದು ಗುಂಪು ಬರೆಯಿತು.

ಹಂತ 2: ಶೆಲ್ ದಾಳಿಗೆ ಕುಸಿದ ಕ್ಲಾತ್ ಹಾಲ್‌ನ ಛಾಯಾಚಿತ್ರ ತೋರಿಸಿದೆ.

“ಗಾಳಿ ಯಾಕೆ ಚೆನ್ನಾಗಿ ಆಡುತ್ತೆ ಅಂತ ಗೊತ್ತಾಯ್ತು ಮೇಡಂ, ಚಾವಣಿನೇ ಇಲ್ಲ!” ಎಂದ ಒಬ್ಬ ಹುಡುಗ. ತರಗತಿ ನಕ್ಕಿತು. ಹಿಂದಿನ ಬೆಂಚಿನ ಹುಡುಗಿ ಮಾತ್ರ ನಗಲಿಲ್ಲ. “ಹಾಗಾದ್ರೆ ಇದು ಸುಳ್ಳು ಅಲ್ವಾ ಮೇಡಂ? ಸುಳ್ಳನ್ನ ಆಧಾರ ಅಂತ ಹೇಗೆ ತಗೊಳ್ಳೋದು?” ಎಂದು ಕೇಳಿದಳು.

ಪಾಠದ ತಿರುಳು ಈ ಪ್ರಶ್ನೆಯಲ್ಲೇ ಇತ್ತು. ನಾನು ಉತ್ತರ ಹೇಳದೆ ಕಪ್ಪುಹಲಗೆಯಲ್ಲಿ ಎರಡು ಕಲಂ ಎಳೆದೆ: ‘ಕಟ್ಟಡದ ಬಗ್ಗೆ’, ‘ಬರೆದವರ ಬಗ್ಗೆ’. ಮೊದಲನೆಯದರಲ್ಲಿ ಜಾಹೀರಾತು ನಂಬಲರ್ಹವಲ್ಲ ಎಂದು ಮಕ್ಕಳೇ ಹೇಳಿದರು. ಎರಡನೆಯದರಲ್ಲಿ ಅವರು ಹೇಳಿದ್ದು: ಸಾವಿನ ಪಕ್ಕದಲ್ಲಿದ್ದರು, ಭಯವನ್ನು ನಗೆಯಾಗಿಸಿದರು, ಓದುವವರಿಗೂ ಆ ಪಾಳು ಪರಿಚಿತವಾಗಿತ್ತು.

ಹಂತ 3: ‘ಈ ಪುಟದಲ್ಲಿ ಯಾರ ದನಿ ಇಲ್ಲ?’ ಎಂದು ಕೇಳಿದೆ. ಸಂಪಾದಕರು ಅಧಿಕಾರಿಗಳು. ಈಪ್ರ್ ಬಳಿ 1914 ಮತ್ತು 1915ರಲ್ಲಿ ಭಾರತೀಯ ಸೈನಿಕರೂ ಹೋರಾಡಿದ್ದರು. ಆದರೆ ಪತ್ರಿಕೆ ಹುಟ್ಟುವ ಮೊದಲೇ ಅಲ್ಲಿಂದ ಭಾರತೀಯ ಪದಾತಿ ಪಡೆಗಳನ್ನು ಮೆಸೊಪೊಟೇಮಿಯಾಕ್ಕೆ ಕಳುಹಿಸಲಾಗಿತ್ತು. ಭಾರತೀಯ ಸೈನಿಕರಿಗಾಗಿ 1909ರಲ್ಲಿ ಆರಂಭವಾದ ‘ಫೌಜಿ ಅಖ್ಬಾರ್’, 1954ರಿಂದ ‘ಸೈನಿಕ ಸಮಾಚಾರ್’ ಆಗಿದೆ. ಕನ್ನಡದಲ್ಲೂ ಪ್ರಕಟವಾಗಿರುವ ಅದರ ಒಂದು ಸಂಚಿಕೆಯನ್ನು ಹುಡುಕಿ ತರುವುದು ಮನೆಗೆಲಸ.

ಪಾಠ ವೀಕ್ಷಿಸಿದ ಮಾರ್ಗದರ್ಶಕರು, ಇದು ವಿಡಂಬನೆ ಎಂದು ಮೊದಲೇ ಹೇಳಿದ್ದರೆ ಸಮಯ ಉಳಿಯುತ್ತಿತ್ತು ಎಂದರು. ನಿಜ, ಹತ್ತು ನಿಮಿಷ ಉಳಿಯುತ್ತಿತ್ತು. ಆದರೆ ಆ ಹುಡುಗಿಯ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಮಕ್ಕಳ ಕೈಗೆ ನೆರಳಚ್ಚು ಕೊಡಿ, ಹಳೆಯ ಕಾಗದವನ್ನು ಬಿಸಿಲಿಗಿಡಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ, ಛಾಯಾಚಿತ್ರವನ್ನು ಎರಡನೇ ಹಂತದವರೆಗೆ ಮುಚ್ಚಿಡಿ.