ಊರವರೇ ಕಟ್ಟಿದ ಆಟದ ಬಯಲು



ಈ ಸಲದ ಪಾಠಕ್ಕೆ ನಾವು ದಕ್ಷಿಣ ಅಮೆರಿಕದ ಪೆರು ದೇಶವನ್ನು ಆರಿಸಿಕೊಂಡಿದ್ದೇವೆ. ಅಲ್ಲಿಯ ಬಡ ಹಳ್ಳಿಗಳಲ್ಲಿ ಊರವರು ಕೂಡಿ ಮಕ್ಕಳಿಗೆ ಆಟದ ಬಯಲು ಕಟ್ಟಿ, ಅದರ ಆರಂಭವನ್ನು ಹಬ್ಬದಂತೆ ಆಚರಿಸುತ್ತಾರೆ. ಇದರಲ್ಲಿ ಕಲಿಯುವುದೇನಿದೆ ಎಂದು ಕೆಲವರು ಕೇಳಬಹುದು. ಮೊದಲು ಆ ಜನರ ಚರಿತ್ರೆಯನ್ನು ಸ್ವಲ್ಪ ತಿಳಿಯೋಣ.

ರಾಜಧಾನಿ ಲಿಮಾದಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರು ಹೋದರೆ ಚಿಂಚಾ ಸೀಮೆ. ಅಲ್ಲಿ ಎಲ್ ಕಾರ್ಮೆನ್ ಎಂಬ ಊರು ಆಫ್ರಿಕ ಮೂಲದ ಜನರಿಗೆ ಹೆಸರಾಗಿದೆ. ನಮ್ಮ ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳ ಹಿರಿಯರಲ್ಲಿ ಅನೇಕರಂತೆ ಇವರ ಹಿರಿಯರೂ ಗುಲಾಮರಾಗಿ ಕಡಲು ದಾಟಿ ಬಂದವರು. ಸ್ಪೇನಿನ ದೊರೆಗಳ ಕಾಲದಲ್ಲಿ ಕಬ್ಬು, ದ್ರಾಕ್ಷಿಯ ತೋಟಗಳಲ್ಲಿ ದುಡಿದರು. 1854ರಲ್ಲಿ ರಾಮೋನ್ ಕಾಸ್ತಿಯಾ ಗುಲಾಮಗಿರಿಯನ್ನು ರದ್ದು ಮಾಡಿದನು. ಸರಕಾರವು ಪರಿಹಾರವೆಂದು ತಲೆಗೆ 300 ಪೆಸೊ ಕೊಟ್ಟಿತು. ಆದರೆ ಕೊಟ್ಟದ್ದು ಧಣಿಗಳಿಗೆ. ಬಿಡುಗಡೆಯಾದವರಿಗೆ ಹಣವೂ ಇಲ್ಲ, ನೆಲವೂ ಇಲ್ಲ. ಬಹಳ ಮಂದಿ ಅವೇ ಜಮೀನುಗಳಲ್ಲಿ ಕೂಲಿಗೆ ನಿಂತರು. ಮುಂದೆ ಆ ಸೀಮೆ ಹತ್ತಿಗೆ ಪ್ರಸಿದ್ಧವಾಯಿತು. ಗಿರಣಿಯಲ್ಲಿ ಹತ್ತಿಯ ಲೆಕ್ಕ ಬರೆಯುವ ನಮಗೆ, ಅದನ್ನು ಬಿಡಿಸಿದ ಕೈಗಳ ನೆನಪು ಅಪರೂಪವಾಗಿ ಬರುತ್ತದೆ.

1969ರ ಭೂಸುಧಾರಣೆಯಿಂದ ದೊಡ್ಡ ಜಮೀನುಗಳು ಒಡೆದವು. 2007ರ ಆಗಸ್ಟ್ 15ರಂದು ಭೂಕಂಪವಾಗಿ, ಚಿಂಚಾ ಸೀಮೆಯಲ್ಲಿ ಹಸಿ ಇಟ್ಟಿಗೆಯ ಮನೆಗಳು ಕುಸಿದವು. ಹಳೆಯ ಅನ್ಯಾಯಕ್ಕಾಗಿ ಸರಕಾರವು ಈ ಜನರ ಕ್ಷಮೆ ಕೇಳಿದ್ದು 2009ರಲ್ಲಿ.

ಇಂಥ ಕಡೆ ಬಯಲು ಹೇಗೆ ಸಿದ್ಧವಾಗುತ್ತದೆ? ಮೊದಲು ಒಂದು ಸಮಿತಿ. ಹಣಕ್ಕೆ ‘ಪೊಯಾದಾ’ ಎಂಬ ಊಟದ ಕೂಟ: ಚೀಟಿಗಳನ್ನು ಮೊದಲೇ ಮಾರಿ, ಆ ದಿನ ಮಸಾಲೆ ಹಚ್ಚಿ ಕರಿದ ಕೋಳಿ, ಆಲೂಗಡ್ಡೆ ಬಡಿಸುತ್ತಾರೆ. ಉಳಿದ ಹಣದಿಂದ ಸಿಮೆಂಟು ಬರುತ್ತದೆ. ರಜೆಯ ದಿನ ಶಕ್ತಿಯಿದ್ದವರು ಅಗೆಯುತ್ತಾರೆ, ಉಳಿದವರು ಅಡಿಗೆ ಮಾಡುತ್ತಾರೆ. ಹಳೆಯ ಲಾರಿ ಟೈರುಗಳನ್ನು ಅರ್ಧ ಹೂಳಿದರೆ ಹತ್ತಿ ಆಡಲು ಸಾಲು. ಹಗ್ಗಕ್ಕೆ ಕಟ್ಟಿದರೆ ಉಯ್ಯಾಲೆ. ಒಂದೇ ಸಿಮೆಂಟು ನೆಲದ ಮೇಲೆ ಕಾಲ್ಚೆಂಡು, ವಾಲಿಬಾಲು ಎರಡಕ್ಕೂ ಗೆರೆ ಎಳೆಯುತ್ತಾರೆ. ವಾಲಿಬಾಲು ಅಲ್ಲಿ ಹೆಣ್ಣುಮಕ್ಕಳ ಹೆಮ್ಮೆಯ ಆಟ. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ಪೆರು ತಂಡದ ಸೆಸಿಲಿಯಾ ತೈತ್ ಇದೇ ಆಫ್ರಿಕ ಮೂಲದವರು.

ಆರಂಭದ ದಿನ, ಮಗುವಿನ ದೀಕ್ಷಾಸ್ನಾನಕ್ಕೆ ಧರ್ಮದ ತಂದೆತಾಯಿ ನಿಲ್ಲುವಂತೆ, ಬಯಲಿಗೂ ಇಬ್ಬರು ನಿಲ್ಲುತ್ತಾರೆ. ಪಟ್ಟಿ ಕಟ್ಟಿ ತೂಗುಬಿಟ್ಟ ಮದ್ಯದ ಸೀಸೆಯನ್ನು ಸುತ್ತಿಗೆಯಿಂದ ಒಡೆಯುವುದು ಅಲ್ಲಿಯ ಶಾಸ್ತ್ರ. ನಮ್ಮಲ್ಲಿ ತೆಂಗಿನಕಾಯಿ ಒಡೆಯುವುದಿಲ್ಲವೇ? ಬಳಿಕ ಊಟ. ಚಿಂಚಾದಲ್ಲಿ ಒಣಗಿಸಿದ ಆಲೂಗಡ್ಡೆಯ ‘ಕರಾಪುಲ್ಕ್ರಾ’ ಇಲ್ಲದೆ ಹಬ್ಬವಿಲ್ಲ. ಆಮೇಲೆ ‘ಕಹೋನ್’ ವಾದ್ಯ ಮೊಳಗುತ್ತದೆ. ಇದೊಂದು ಮರದ ಪೆಟ್ಟಿಗೆ. ಅದರ ಮೇಲೆಯೇ ಕುಳಿತು ಕೈಯಿಂದ ಬಾರಿಸುತ್ತಾರೆ. ಗುಲಾಮರು ಡೋಲಿಲ್ಲದೆ ಸಾಮಾನಿನ ಪೆಟ್ಟಿಗೆಗಳನ್ನೇ ಬಾರಿಸಿದ್ದರಿಂದ ಇದು ಹುಟ್ಟಿತೆಂದು ಹೇಳುತ್ತಾರೆ. 2001ರಲ್ಲಿ ಪೆರು ಸರಕಾರ ಇದನ್ನು ರಾಷ್ಟ್ರದ ಸಾಂಸ್ಕೃತಿಕ ಸೊತ್ತೆಂದು ಸಾರಿತು. ಬಿಸುಟ ಪೆಟ್ಟಿಗೆ ವಾದ್ಯವಾಯಿತು. ಬಿಸುಟ ಟೈರು ಉಯ್ಯಾಲೆಯಾಯಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಲೆಮಾರುಗಳ ಕಾಲ ಇವರ ಬೆವರು ಪರರ ಜಮೀನಿಗೆ ಹೋಯಿತು. ಆಗ ಮಗು ನಡೆಯಲು ಕಲಿತರೆ ಧಣಿಗೆ ಒಂದು ಆಳು ಹೆಚ್ಚಾದಂತೆ. ಇಂದು ಅದೇ ಜನ ತಮ್ಮ ಮಗು ಏನೂ ದುಡಿಯದೆ, ಸುಮ್ಮನೆ ಆಡಲೆಂದು ಅಗೆಯುತ್ತಾರೆ. ಆ ದಿನದ ಸಂಭ್ರಮದ ಅರ್ಥ ಇದು. ತಾನು ಕಲ್ಲು ಹೊತ್ತ ಬಯಲು ಹಾಳಾಗಲು ಯಾರೂ ಬಿಡಲಾರರು ಎಂಬ ಲಾಭವೂ ಇದರಲ್ಲಿದೆ.

ಮುಂದಿನ ಕೂಟದ ಚರ್ಚೆಗೆ:

1. 1854ರ ಪರಿಹಾರ ಯಾರಿಗೆ ಸಲ್ಲಬೇಕಾಗಿತ್ತು? ಏಕೆ?
2. ದಾನವಾಗಿ ಬಂದ ಬಯಲಿಗೂ ಕೂಡಿ ಕಟ್ಟಿದ ಬಯಲಿಗೂ ಏನು ಭೇದ?
3. ನಮ್ಮ ಓಣಿಯ ಮಕ್ಕಳು ಈಗ ಎಲ್ಲಿ ಆಡುತ್ತಾರೆ? ಬರುವಾಗ ನೋಡಿಕೊಂಡು ಬನ್ನಿರಿ.