ಸೇಫ್ಟಿ ಓದಲು ಹೊರಟ ಅಳಿಯನಿಗೆ



ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಯಿತು, ಇನ್ನೊಂದು ಸೇಫ್ಟಿ ಕೋರ್ಸ್ ಮಾಡಿಕೊಂಡು ಗಲ್ಫಿಗೆ ಹೋಗುತ್ತೇನೆ ಅಂತ ಬರೆದಿದ್ದೀಯ. ಆಸೆ ಒಳ್ಳೆಯದೇ. ಆದರೆ ಹತ್ತು ದಿನದ ಸರ್ಟಿಫಿಕೇಟಿಗೆ ಅಪ್ಪನ ದುಡ್ಡು ಸುರಿಯುವ ಮುಂಚೆ ಈ ನಾಲ್ಕು ಮಾತು ಕೇಳು. ನಿನ್ನ ಓರಗೆಯವರಿಗೂ ತೋರಿಸು.

ಇಲ್ಲಿ ಸೇಫ್ಟಿ ಆಫೀಸರ್ ಆಗಲು ಏನು ಓದಿರಬೇಕು ಎಂದು ತೀರ್ಮಾನಿಸುವುದು ಕಾನೂನು, ಕೋಚಿಂಗ್ ಸೆಂಟರಿನ ಬೋರ್ಡಲ್ಲ. 1948ರ ಕಾರ್ಖಾನೆ ಕಾಯ್ದೆಯಡಿಯ ನಿಯಮಗಳು ಕೇಳುತ್ತ ಬಂದದ್ದು ತಾಂತ್ರಿಕ ಓದು, ಕಾರ್ಖಾನೆಯ ಅನುಭವ ಮತ್ತು ಇವೆರಡರ ಮೇಲೆ ಔದ್ಯೋಗಿಕ ಸುರಕ್ಷತೆಯ ಮಾನ್ಯ ಡಿಪ್ಲೊಮಾ. ಆ ಡಿಪ್ಲೊಮಾ ಮುಂಬೈನ ಕೇಂದ್ರ ಕಾರ್ಮಿಕ ಸಂಸ್ಥೆಯಲ್ಲೂ ಚೆನ್ನೈನ ಪ್ರಾದೇಶಿಕ ಕಾರ್ಮಿಕ ಸಂಸ್ಥೆಯಲ್ಲೂ ಇದೆ. ಪದವಿಯಿಂದಲೇ ಇದನ್ನು ಹಿಡಿಯುವವರಿಗೆ ಕೊಚ್ಚಿ ವಿಶ್ವವಿದ್ಯಾಲಯದಲ್ಲಿ ಬಿ.ಟೆಕ್, ಮುಂದೆ ತಿರುಚ್ಚಿಯ ಎನ್‌ಐಟಿಯಲ್ಲಿ ಎಂ.ಟೆಕ್ ಉಂಟು. ನೆಬೋಷ್ ಎಂಬ ಸೇಫ್ಟಿ ಸರ್ಟಿಫಿಕೇಟ್ ಬ್ರಿಟನ್ನಿನದು, ಗಲ್ಫಿನಲ್ಲಿ ಅದಕ್ಕೆ ಬೆಲೆಯಿದೆ, ಇಲ್ಲಿ ಅದೊಂದೇ ಸಾಲದು.

ಕೆಲಸ ಇಲ್ಲೂ ಹೆಚ್ಚುತ್ತದೆ. ಹಳೆಯ ಕಾಯ್ದೆಯಲ್ಲಿ 1000 ಕಾರ್ಮಿಕರಿದ್ದರೆ ಸೇಫ್ಟಿ ಆಫೀಸರ್ ಕಡ್ಡಾಯವಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು 500ಕ್ಕೆ ಇಳಿಸಿದೆ. ಅಪಾಯಕಾರಿ ಪ್ರಕ್ರಿಯೆಗೂ ಕಟ್ಟಡ ಕಾಮಗಾರಿಗೂ 250, ಗಣಿಗೆ 100.

ಕೆಲಸ ಸಿಕ್ಕಿತು ಅಂತಿಟ್ಟುಕೋ. ತ್ಯಾಜ್ಯ ನೀರಿನ ತೊಟ್ಟಿ ತೊಳೆಯಬೇಕು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರುತ್ತದೆ, ತೊಟ್ಟಿಯೊಳಗೆ ಶೇ. 19.5ಕ್ಕಿಂತ ಕಡಿಮೆಯಿದ್ದರೆ ಯಾರನ್ನೂ ಹಾಗೇ ಇಳಿಸುವಂತಿಲ್ಲ. ಹೈಡ್ರೋಜನ್ ಸಲ್ಫೈಡ್ ಇದ್ದರೆ ಮೊದಲು ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಪ್ರಮಾಣ ಏರಿದಾಗ ಮೂಗೇ ಮರಗಟ್ಟಿ ಏನೂ ತಿಳಿಯುವುದಿಲ್ಲ. ‘ವಾಸನೆ ಹೋಯ್ತು ಸಾರ್, ಇಳೀತೀನಿ’ ಅನ್ನುವ ಹುಡುಗನ ಕೈ ಹಿಡಿದು ನಿಲ್ಲಿಸಬೇಕಾದವನು ನೀನು. ಅವನು ಒಳಗೆ ಬಿದ್ದರೆ ಎತ್ತಲು ಜೊತೆಗಾರ ಹಿಂದುಮುಂದು ನೋಡದೆ ಇಳಿಯುತ್ತಾನೆ. ಎಷ್ಟೋ ತೊಟ್ಟಿಗಳಲ್ಲಿ ಎರಡು ಹೆಣ ಸಿಗುವುದು ಹೀಗೆ.

ಹಾಗಾಗಿ ಹೆಲ್ಮೆಟ್, ಗ್ಲೌಸ್ ಹಂಚುವುದನ್ನೇ ಸೇಫ್ಟಿ ಅಂದುಕೊಳ್ಳಬೇಡ. ಅದು ಕೊನೆಯ ರಕ್ಷಣೆ. ಮನುಷ್ಯ ಇಳಿಯದೆ ಪಂಪು, ಪೈಪಿನಲ್ಲೇ ತೊಟ್ಟಿ ತೊಳೆಯಲಾದೀತೇ ಎಂಬುದು ನಿನ್ನ ಮೊದಲ ಪ್ರಶ್ನೆಯಾಗಬೇಕು. ಇಳಿಯಲೇಬೇಕಾದರೆ ಗ್ಯಾಸ್ ಅಳೆದು, ಗಾಳಿ ಹಾಯಿಸಿ, ಹಗ್ಗ ಕಟ್ಟಿ, ಮೇಲೊಬ್ಬನನ್ನು ಕಾವಲಿಗೆ ನಿಲ್ಲಿಸಿದ ಮೇಲಷ್ಟೇ ಪರ್ಮಿಟ್ಟಿಗೆ ಸಹಿ. ಪರ್ಮಿಟ್ ಇಂಗ್ಲಿಷಿನಲ್ಲಿರುತ್ತದೆ, ಇಳಿಯುವವನು ಸಿಂಧನೂರಿನವನೋ ಬಿಹಾರದವನೋ ಆಗಿರುತ್ತಾನೆ. ಕನ್ನಡದ ಜೊತೆಗೆ ಹಿಂದಿಯನ್ನೂ ಮಾತಾಡುವಷ್ಟು ಕಲಿ.

ಉತ್ಪಾದನೆ ನಿಂತರೆ ಮ್ಯಾನೇಜರ್ ಕೂಗಾಡುತ್ತಾರೆ. ಯಂತ್ರದ ಕೆಲಸ ಗೊತ್ತಿಲ್ಲದವನ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ: ಮೊದಲು ಕೆಲವು ವರ್ಷ ಶಾಪ್ ಫ್ಲೋರಿನಲ್ಲಿ ದುಡಿ, ಫೋರ್‌ಮನ್ನರ ಹತ್ತಿರ ಕಲಿ, ಆಮೇಲೆ ಸೇಫ್ಟಿ ಡಿಪ್ಲೊಮಾಕ್ಕೆ ಅರ್ಜಿ ಹಾಕು. ಗಲ್ಫ್ ಎಲ್ಲಿಗೂ ಓಡಿಹೋಗುವುದಿಲ್ಲ.

ಇಂತಿ ನಿನ್ನ ಸೋದರಮಾವ